ಕತ್ತರಿಸಿ ತೆಗೆಯುವ ಭಾಗ ನನಗೆ ಬೇಕು

ಮಗಳೇ,

ಫೋನ್ ಮಾಡಿದರೆ ನೀನು ಎತ್ತುತ್ತಿಲ್ಲ. ಎತ್ತಿದರೂ ನಾವಿಬ್ಬರೂ ಮತ್ತೆ ಅದೇ ಮಾತಿಗೆ ಬರುತ್ತೇವೆ. ಅದಕ್ಕೇ ಹಾಳೆ ಮೇಲೆ ಬರೆದು ಕೊಟ್ಟಿದ್ದೇನೆ, ನಿನ್ನ ತಮ್ಮ ಟೈಪ್ ಮಾಡುತ್ತಿದ್ದಾನೆ. ನಡುನಡುವೆ ನಗುತ್ತಾನೆ. ಏನು ಬದಲಾಯಿಸಿದರೂ ಗೊತ್ತಾಗುತ್ತದೆ ಅಂತ ಹೇಳಿಟ್ಟಿದ್ದೇನೆ.

ಶನಿವಾರ ಬೆಳಗಾವಿಯಿಂದ ಮನೆಗೆ ಬಂದು, ರವಿವಾರ ನಸುಕಿನಲ್ಲಿ ಬೈಕ್ ಮೇಲೆ ಲಡಾಖಿಗೆ ಹೊರಡುತ್ತೀಯ ಅಂತ ನಿಮ್ಮವ್ವ ಹೇಳಿದಳು. ನೀನೇ ನನಗೆ ಹೇಳಬಹುದಿತ್ತು. ಇರಲಿ. ಹೋಗಬೇಡ ಅಂತ ನಾನು ಆವತ್ತೂ ಹೇಳಿರಲಿಲ್ಲ. ಹೆಲ್ಮೆಟ್ಟಿನ ಕ್ಯಾಮೆರಾ ಬಿಚ್ಚಿಟ್ಟು ಹೋಗು ಅಂದೆ, ಅಷ್ಟೇ. ನಿನ್ನ ಗೆಳತಿಯರ ಮುಂದೆ ಅಷ್ಟು ಜೋರು ಮಾಡಬಾರದಿತ್ತು. ಜೋರು ಮಾಡಿದ್ದಕ್ಕೆ ತಪ್ಪಾಯಿತು ಅನ್ನುತ್ತೇನೆ, ಆಡಿದ ಮಾತಿಗಲ್ಲ.

ನೀನು ತಿರುಗಿ ಅಂದಿದ್ದು ಇನ್ನೂ ಕಿವಿಯಲ್ಲಿದೆ. "ಅಪ್ಪಾ, ನೀ ನೋಡಿದ್ದು ವಿಡಿಯೊ. ಗಾಡಿ ಓಡಿಸಿದ್ದು ನಾನು."

ಚಲೋ ಮಾತು. ಉತ್ತರ ಹೊಳೆಯದೆ ಎದ್ದು ಹೊರಗೆ ಹೋದೆ. ಈಗ ಹೊಳೆದಿದೆ, ಕೇಳು.

ಹೋದ ಮಳೆಗಾಲದ ಚೋರ್ಲಾ ಘಾಟಿನ ವಿಡಿಯೊ. ಗೋವಾ ಕಡೆ ಇಳಿಯುತ್ತಿದ್ದೀಯ. ರಸ್ತೆ ತೊಯ್ದಿದೆ, ಮಂಜು ಇದೆ. ಎಡಕ್ಕೆ ಒಂದು ಝರಿ ಕಾಣುತ್ತದೆ. "ನೋಡ್ರಿ ಇಲ್ಲಿ, ಏನ್ ಸೀನು ಅಲ್ವಾ" ಅನ್ನುತ್ತಾ ಅತ್ತ ಮುಖ ಮಾಡುತ್ತೀಯ. ಬಂಡೆ, ಹಸಿರು, ನೀರು. ರಸ್ತೆ ಕಾಣುವುದೇ ಇಲ್ಲ. ಮುಖ ಮುಂದಕ್ಕೆ ತಿರುಗಿಸುವಷ್ಟರಲ್ಲಿ ಬಲಗಡೆಯಿಂದ ಲಾರಿ ಬರುತ್ತದೆ, ತಿರುವನ್ನು ಕತ್ತರಿಸಿಕೊಂಡು, ಅರ್ಧ ನಿನ್ನ ಸೈಡಿನಲ್ಲಿ. ಬಂಪರಿಗೆ ಕಟ್ಟಿದ ನಿಂಬೆಹಣ್ಣು ಮೆಣಸಿನಕಾಯಿ ಕಾಣುತ್ತವೆ. ಆಮೇಲೆ ಹಾಡು ಶುರುವಾಗುತ್ತದೆ. ಕೆಳಗೆ ಜನ ಹೂವು, ಚಪ್ಪಾಳೆ ಹಾಕಿದ್ದಾರೆ.

ಅದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ನಿಲ್ಲಿಸಿ, ಹಿಂದಕ್ಕೆ ತಂದು, ಮತ್ತೆ ನೋಡಿದ್ದೇನೆ. "ಸಾಕು ಬಿಡ್ರಿ, ಹುಡುಗಿ ಮನೆಗೆ ಬಂದಾಳಲ್ಲ" ಅಂತ ನಿಮ್ಮವ್ವ ಟಿವಿ ಆರಿಸಿದ್ದೂ ಉಂಟು.

ಹೆಲ್ಮೆಟ್ಟಿನ ಗದ್ದಕ್ಕೆ ಕೂರಿಸಿದ ಕ್ಯಾಮೆರಾ ನಿನ್ನ ಮುಖ ಎತ್ತ ತಿರುಗುತ್ತದೋ ಅತ್ತಲೇ ನೋಡುತ್ತದೆ. ಅದರಲ್ಲಿ ರಸ್ತೆ ಎಷ್ಟು ಹೊತ್ತು ಕಾಣಲಿಲ್ಲವೋ, ಅಷ್ಟು ಹೊತ್ತು ನಿನಗೂ ಕಂಡಿಲ್ಲ. ಕಣ್ಣು ಮಾತ್ರ ಮುಂದಿತ್ತು ಅನ್ನುತ್ತೀಯ. ಅಷ್ಟು ಪೂರ್ತಿ ತಿರುಗಿದ ಮುಖದಲ್ಲಿ ಕಣ್ಣು ಎಷ್ಟು ಹೊರಳುತ್ತದೆ ಅಂತ ಕನ್ನಡಿ ಮುಂದೆ ನಿಂತು ನೋಡಿಕೋ. ನಾನು ನೋಡಿಕೊಂಡೆ. ಮೂರು ಸೆಕೆಂಡ್ ನಿನ್ನ ಗಾಡಿಗೆ ಕಣ್ಣಿರಲಿಲ್ಲ. ಗಂಟೆಗೆ 50 ಕಿ.ಮೀ. ಅಂತ ಹಿಡಿದರೂ ಒಂದು ಸೆಕೆಂಡಿಗೆ ಸುಮಾರು 14 ಮೀಟರ್, ಮೂರಕ್ಕೆ 42. ನಾನು ಓಡಿಸುತ್ತಿದ್ದ ಬಸ್ಸು ಹನ್ನೊಂದು ಮೀಟರ್ ಚಿಲ್ಲರೆ. ಹತ್ತಿರ ಹತ್ತಿರ ನಾಲ್ಕು ಬಸ್ಸು ಸಾಲಾಗಿ ನಿಲ್ಲುವಷ್ಟು ಜಾಗ, ತೊಯ್ದ ಘಾಟಿನಲ್ಲಿ, ಕುರುಡಾಗಿ.

ಇನ್ನೂ ಒಂದು ಇದೆ. ಆ ಕ್ಯಾಮೆರಾದ ಗಾಜು ಅಗಲ ಹಿಡಿಯುವ ಗಾಜು, ನಮ್ಮ ಬಸ್ಸಿನ ಉಬ್ಬು ಕನ್ನಡಿ ಇದ್ದಂತೆ. ಜಾಗ ಜಾಸ್ತಿ ತೋರಿಸುತ್ತದೆ, ಆದರೆ ಹತ್ತಿರದ್ದನ್ನು ದೂರ ಮಾಡುತ್ತದೆ. ಹೊಸ ಡ್ರೈವರ್ ಅದರಲ್ಲಿ ನೋಡಿ, ಹಿಂದಿನ ಗಾಡಿ ಇನ್ನೂ ಬಹಳ ದೂರ ಇದೆ ಅಂದುಕೊಂಡು ಬಲಕ್ಕೆ ಎಳೆಯುತ್ತಾನೆ. ವಿಡಿಯೊ ನೋಡಿದವರಿಗೆ ಆ ಲಾರಿ ದೂರ ಕಂಡಿರಬೇಕು, ಅದಕ್ಕೇ ಚಪ್ಪಾಳೆ. ನನಗೆ ನಿಂಬೆಹಣ್ಣು ಕಂಡಿತು. ಅಷ್ಟು ಅಗಲದ ಗಾಜಿನಲ್ಲಿ ನಿಂಬೆಹಣ್ಣು ಅಷ್ಟು ದೊಡ್ಡದಾಗಿ ಕಾಣಬೇಕಾದರೆ ಲಾರಿ ಎಷ್ಟು ಹತ್ತಿರ ಇದ್ದಿರಬೇಕು, ನೀನೇ ಹೇಳು.

ಸಾಕು. ಲಾರಿ ವಿಷಯ ಬಿಟ್ಟೆ.

ನೀನು ಹೋಗುವ ದಾರಿ ನೋಡಿದೆ. ನಮ್ಮ ವಿಜಯಪುರದ ಮೇಲೆ ಹೋಗುವ 52ರ ಹೆದ್ದಾರಿಯೇ ಸೊಲ್ಲಾಪುರ, ಧುಳೆ, ಇಂದೋರ್, ಕೋಟಾ, ಜೈಪುರ ದಾಟಿ ಪಂಜಾಬಿನ ಸಂಗ್ರೂರಿಗೆ ಮುಟ್ಟುತ್ತದಂತೆ. ನನ್ನ ಕಾಲದಲ್ಲಿ ಸೊಲ್ಲಾಪುರದ ದಾರಿಗೆ 13 ಅನ್ನುತ್ತಿದ್ದರು. ಹೊರ್ತಿ, ಝಳಕಿ, ಧೂಳಖೇಡ, ಭೀಮಾ ಹೊಳೆ, ಸೊಲ್ಲಾಪುರ. ಅಲ್ಲಿ ಚಹಾ ಕುಡಿದು ಗಾಡಿ ಹೊರಳಿಸಿಕೊಂಡು ಬರುತ್ತಿದ್ದೆವು. ಆ ರಸ್ತೆ ಮುಂದೆ ಎಲ್ಲಿಗೆ ಹೋಗುತ್ತದೆ ಅಂತ ಒಮ್ಮೆಯೂ ಕೇಳಿರಲಿಲ್ಲ. ನೀನು ಅದರ ತುದಿ ನೋಡುತ್ತೀಯ. ಹಳೇ ಕಂಡಕ್ಟರ್‌ಗಳು ಸಿಕ್ಕಾಗ, "ನಿಮ್ಮ ಹುಡುಗಿದು ಹೊಸ ವಿಡಿಯೊ ಬಂತೇನು?" ಅಂತ ಮೊದಲು ಕೇಳುತ್ತಾರೆ. ನಾನು ಸುಮ್ನೆ "ಹೂಂ, ಏನೋ ಹಾಕ್ಯಾಳ" ಅನ್ನುತ್ತೇನೆ. ಆಮೇಲೆ ಫೋನ್ ತೆಗೆದು ತೋರಿಸುವವನೂ ನಾನೇ. ಕೊಲ್ಹಾರದ ಸೇತುವೆ ಮೇಲೆ ಬೆಳ್ಳಂಬೆಳಗ್ಗೆ ತೆಗೆದಿದ್ದೀಯಲ್ಲ, ಎರಡೂ ಕಡೆ ಕೃಷ್ಣೆಯ ನೀರು, ಕೊನೆಗೆ ಗಡಿಗೆಯ ಮೊಸರು. ಅದನ್ನು ನೋಡಿ ನಾನು ಮಾತಾಡಲಿಲ್ಲ ಅಂತ ಬೇಜಾರು ಮಾಡಿಕೊಂಡಿದ್ದೆ. ಅಷ್ಟು ಸಲ ದಾಟಿದ ಸೇತುವೆ, ನಾನು ನೀರು ನೋಡಿದ್ದು ನಿನ್ನ ವಿಡಿಯೊದಲ್ಲೇ. ಸ್ಟೇರಿಂಗ್ ಹಿಡಿದವನಿಗೆ ನೀರು ಎಲ್ಲಿ ಕಾಣುತ್ತದೆ?

ಬುದ್ಧಿ ಹೇಳುವುದಿಲ್ಲ ಅಂತ ನಿಮ್ಮವ್ವನಿಗೆ ಮಾತು ಕೊಟ್ಟು ಬರೆಯಲು ಕೂತಿದ್ದೆ. ಕೆಲವು ಮಾತ್ರ ಹೇಳಿಬಿಡುತ್ತೇನೆ.

ನಮ್ಮೂರು ಸಮುದ್ರಕ್ಕಿಂತ ಹೆಚ್ಚು ಕಡಿಮೆ 600 ಮೀಟರ್ ಎತ್ತರ. ಲೇಹ್ 3,500. ಅಲ್ಲಿ ಮುಟ್ಟಿದ ಮೇಲೆ ಎರಡು ದಿನ ಗಾಡಿ ಮುಟ್ಟಬೇಡ, ಮಲಗು, ನೀರು ಕುಡಿ. ನೀನು ಹೋಗಬೇಕು ಅನ್ನುವ ಉಮ್ಲಿಂಗ್ ಲಾ ಘಾಟು 19,024 ಅಡಿ, ಅಲ್ಲಿ ಗಾಳಿಯ ಒತ್ತಡ ಸಮುದ್ರದ ದಂಡೆಯ ಅರ್ಧದಷ್ಟೂ ಇಲ್ಲ. ತಲೆನೋವಿನ ಜೊತೆ ವಾಂತಿ ಬಂದರೆ, ಹೆಜ್ಜೆ ತಡವರಿಸಿದರೆ ಗುಳಿಗೆ ನುಂಗಿ ಮುಂದೆ ಹೋಗುವುದಲ್ಲ, ಕೆಳಗಿಳಿಯುವುದು. ಗಾಡಿ ಅಲ್ಲೇ ಬಿಟ್ಟಾದರೂ ಇಳಿ. ಗಾಡಿ ಇನ್ನೊಂದು ತಗೋಬಹುದು.

ಮನಾಲಿ ದಾಟಿದ ಮೇಲೆ ರಸ್ತೆಗೆ ಅಡ್ಡ ಹರಿಯುವ ನಾಲಾಗಳನ್ನು ಬೆಳಿಗ್ಗೆಯೇ ದಾಟು. ಬಿಸಿಲೇರಿದಂತೆ ಮೇಲಿನ ಹಿಮ ಕರಗಿ ಮಧ್ಯಾಹ್ನಕ್ಕೆ ನೀರು ಏರುತ್ತದೆ. ನಮ್ಮ ಹಳ್ಳಗಳಂತೆ ಮಳೆ ನೋಡಿ ಲೆಕ್ಕ ಹಾಕಬೇಡ, ಅಲ್ಲಿ ಬಿಸಿಲು ನೋಡಿ ಲೆಕ್ಕ ಹಾಕಬೇಕು. ಟಂಡಿಯಲ್ಲಿ ಟ್ಯಾಂಕ್ ತುಂಬಿಸು, ಮುಂದಿನ ಪಂಪ್ 365 ಕಿ.ಮೀ. ಅಂತ ಅಲ್ಲಿದ್ದ ಬೋರ್ಡನ್ನು ನೀನೇ ನನಗೆ ತೋರಿಸಿದ್ದೆ. ನಿನ್ನ ಪ್ರಿಪೇಯ್ಡ್ ಸಿಮ್ ಲಡಾಖಿನಲ್ಲಿ ನಡೆಯುವುದಿಲ್ಲ. ನನ್ನದು ಪೋಸ್ಟ್‌ಪೇಯ್ಡ್, ತಗೊಂಡು ಹೋಗು. ಡ್ರೋನ್ ಮನೆಯಲ್ಲೇ ಇರಲಿ. ಗೋಳಗುಮ್ಮಟದ ಹತ್ತಿರ ಹಾರಿಸಲು ಬಿಡಲಿಲ್ಲ ಅಂತ ಮುಖ ಊದಿಸಿಕೊಂಡಿದ್ದವಳು ನೀನು, ಅಲ್ಲಿ ಇರುವುದು ದೇಶದ ಗಡಿ. ಮತ್ತೆ ಖರ್ದುಂಗ್ ಲಾದ ಹಳೇ ಬೋರ್ಡು 18,380 ಅಡಿ ಅಂದರೆ ಅದನ್ನೇ ವಿಡಿಯೊದಲ್ಲಿ ಒದರಬೇಡ. ಅಳೆದವರ ಲೆಕ್ಕ 17,582. ತಪ್ಪು ಹೇಳಿದರೆ ನಾನೇ ಕೆಳಗೆ ಬರೆಯುತ್ತೇನೆ.

ನೋಡು, ಬುದ್ಧಿ ಎಷ್ಟು ಉದ್ದವಾಯಿತು. ನಿನ್ನ ತಮ್ಮ ಟೈಪ್ ಮಾಡಿ ಬೆರಳು ನೋವು ಅನ್ನುತ್ತಿದ್ದಾನೆ.

ಕ್ಯಾಮೆರಾ ಮಾತು ಉಳಿಯಿತು. ಬಿಚ್ಚಿಡು ಅಂದಿದ್ದೆ. ಈಗ ಹೇಳುತ್ತೇನೆ, ಇರಲಿ, ಗದ್ದದ ಮೇಲೆಯೇ ಇರಲಿ. ಏನಾದರೂ ತೋರಿಸಬೇಕು ಅನಿಸಿದರೆ ಗಾಡಿ ಎಡಕ್ಕೆ ತಗೊಂಡು, ಸ್ಟ್ಯಾಂಡ್ ಹಾಕಿ, ಕೈ ಮಾಡಿ ಬೇಕಾದಷ್ಟು ತೋರಿಸು. ಓಡುವಾಗ ರಸ್ತೆ ಮಾತ್ರ. ಇದಕ್ಕೆ ಒಪ್ಪುವುದಾದರೆ ಇನ್ನೊಂದು ಬೇಡಿಕೆ. ಜನಕ್ಕೆ ಹದಿನೈದು ನಿಮಿಷ ಮಾಡಿ ಹಾಕುತ್ತೀಯಲ್ಲ, ಹಾಡು, ಸೀನು ಎಲ್ಲ ಸೇರಿಸಿ. ನನಗೆ ಅದು ಬೇಡ. ನೀನು ಕತ್ತರಿಸಿ ತೆಗೆಯುವ ಭಾಗ ಬೇಕು. ಲಾರಿ ಹಿಂದೆ ಹೊಗೆ ಕುಡಿಯುತ್ತಾ ಹೋಗಿದ್ದು, ಗೇರ್ ಇಳಿಸಿದ್ದು, ಸೈಡ್ ಸಿಗದೆ ಕಾದಿದ್ದು, ಸೆಂಧ್ವಾ ಘಾಟು, ಟೋಲಿನ ಸಾಲು. ಒಂದು ದಿನದ್ದಾದರೂ ಪೂರ್ತಿ ಇಡು. ನೀನು ಎಲ್ಲಿ ನೋಡಿದೆ, ಎಷ್ಟು ಹೊತ್ತು ನೋಡಿದೆ ಅಂತ ನಾನು ಕೂತು ನೋಡಬೇಕು. ಪರೀಕ್ಷೆ ಅಂದುಕೊಂಡರೂ ಚಿಂತೆಯಿಲ್ಲ. ಅರ್ಧ ಅದೇ. ಇನ್ನರ್ಧ, ಆ ದಾರಿಯಲ್ಲಿ ಒಂದು ದಿನವಾದರೂ ಡ್ಯೂಟಿ ಮಾಡಿದಂಗಾಗುತ್ತದೆ ನನಗೆ. ಕಾರ್ಡು ತುಂಬುತ್ತದೆ ಅನ್ನಬೇಡ, ಇನ್ನೆರಡು ಕೊಡಿಸುತ್ತೇನೆ. ಚಳಿಯಲ್ಲಿ ಬ್ಯಾಟರಿ ಬೇಗ ಇಳಿಯುತ್ತವೆ, ಒಳಗಿನ ಕಿಸೆಯಲ್ಲಿ ಮೈಗೆ ಹತ್ತಿ ಇಟ್ಟುಕೋ.

ನಿಮ್ಮವ್ವ ಕಡಕ್ ಸಜ್ಜಿ ರೊಟ್ಟಿ ಬಡಿಯಲು ಶುರು ಮಾಡಿದ್ದಾಳೆ. ಶೇಂಗಾ ಚಟ್ನಿ ಆಗಲೇ ಡಬ್ಬಿಗೆ ಬಿದ್ದಿದೆ. ಜಾಗ ಇಲ್ಲ ಅಂತ ಅವಳಿಗೆ ಹೇಳುವ ಧೈರ್ಯ ನಿನಗಿದ್ದರೆ ಹೇಳು, ನನಗಂತೂ ಇಲ್ಲ.

ರವಿವಾರ ಧೂಳಖೇಡದ ಸೇತುವೆ ತನಕ ನಾನೂ ಸ್ಕೂಟರ್ ಮೇಲೆ ಹಿಂದೆ ಬರುತ್ತೇನೆ. ಬೇಡ ಅನ್ನುವುದಾದರೆ ಶನಿವಾರವೇ ಹೇಳಿಬಿಡು, ಸುಮ್ನೆ ಪೆಟ್ರೋಲ್ ಹಾಕಿಸುವುದಿಲ್ಲ.

ನಿನ್ನ ಅಪ್ಪ