ಆಮೆಯ ಕೊಕ್ಕಿಗೆ ನೇಲ್ ಕಟರ್ ಹಾಕಬೇಡಿ

ಸಂಪಾದಕರಿಗೆ,

ಮಾನ್ಯರೇ,

ಮನೆಯಲ್ಲಿ ಸಾಕಿದ ಆಮೆಯ ಮೇಲ್ಕೊಕ್ಕು ಗಿಳಿಯ ಕೊಕ್ಕಿನಂತೆ ಕೆಳಕ್ಕೆ ಬಾಗಿ ಬೆಳೆದಾಗ ಹೆಚ್ಚಿನವರು ಮೊದಲು ಹುಡುಕುವುದು ನೇಲ್ ಕಟರನ್ನು. ದಯವಿಟ್ಟು ಹಾಗೆ ಮಾಡಬೇಡಿ ಎಂದು ತಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇವೆ. ಕೊಕ್ಕು ಉದ್ದವಾಗಿದೆ ಎಂದರೆ ಮೇವಿನಲ್ಲೋ ಬಿಸಿಲಿನಲ್ಲೋ ದವಡೆಯ ಮೂಳೆಯಲ್ಲೋ ಏನೋ ಕೆಟ್ಟಿದೆ ಎಂದರ್ಥ. ಅದನ್ನು ಸರಿಪಡಿಸದೆ ತುದಿ ಕತ್ತರಿಸಿದರೆ ಕೆಲವೇ ತಿಂಗಳಲ್ಲಿ ಮತ್ತೆ ಅಷ್ಟೇ ಬೆಳೆಯುತ್ತದೆ. ಮಳೆಗಾಲ ಹತ್ತಿರ ಬರುತ್ತಿರುವ ಈ ಹೊತ್ತಿನಲ್ಲಿ, ಅದರಲ್ಲೂ ನಮ್ಮ ಮಲೆನಾಡಿನಲ್ಲಿ, ಇದನ್ನು ತಿಳಿದುಕೊಳ್ಳುವುದು ಅಗತ್ಯ.

ಕಾನೂನಿನ ಮಾತು ಮೊದಲೇ ಹೇಳಿಬಿಡುತ್ತೇವೆ. ಕಾಡಿನಿಂದ, ಹೊಲದಿಂದ ಹಿಡಿದು ತಂದ ನಮ್ಮ ದೇಶದ ಆಮೆಗಳನ್ನು ಮನೆಯಲ್ಲಿ ಸಾಕುವಂತಿಲ್ಲ. ನಕ್ಷತ್ರ ಆಮೆಯಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯ ನಂತರ ಅತಿ ಹೆಚ್ಚಿನ ರಕ್ಷಣೆಯ ಒಂದನೇ ಅನುಸೂಚಿಯಲ್ಲಿದೆ. ಅದೃಷ್ಟ ಬರುತ್ತದೆಂದು ತಂದಿಟ್ಟುಕೊಂಡು, ಆಮೇಲೆ ಕೇಸಿನ ಭಯಕ್ಕೆ ಡಾಕ್ಟರಿಗೂ ತೋರಿಸದೆ ಬಚ್ಚಿಟ್ಟ ಆಮೆಗಳ ಸ್ಥಿತಿಯೇ ಎಲ್ಲಕ್ಕಿಂತ ಕೆಟ್ಟದ್ದು. ಅಂಥದ್ದು ಮನೆಯಲ್ಲಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ವಲಯ ಅರಣ್ಯಾಧಿಕಾರಿ ಕಚೇರಿಗೆ ತಿಳಿಸಿ. ನೀವೇ ಕಾಡಿಗೆ ಬಿಡಬೇಡಿ. ಕೊಕ್ಕು ಕೆಟ್ಟ ಆಮೆ ಅಲ್ಲಿ ಹಸಿವಿನಿಂದ ಸಾಯುತ್ತದೆ, ಮನೆಯ ಸೋಂಕನ್ನು ಕಾಡಿನ ಆಮೆಗಳಿಗೂ ಹಚ್ಚುತ್ತದೆ. ಆಫ್ರಿಕಾದ ಸುಲ್ಕಾಟಾದಂಥ ವಿದೇಶಿ ಆಮೆ ಸಾಕಿದವರು 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ಅದನ್ನು ನೋಂದಾಯಿಸಿರಬೇಕು. ಮುಂದೆ ಹೇಳುವುದು ಹುಲ್ಲು ತಿನ್ನುವ ನೆಲದ ಆಮೆಗಳ ಬಗ್ಗೆ, ಅಂಥ ಸಾಕಣೆದಾರರಿಗೆ ಮತ್ತು ರಕ್ಷಿಸಿ ತಂದ ಆಮೆಗಳನ್ನು ನೋಡಿಕೊಳ್ಳುವವರಿಗೆ.

ಆಮೆಗೆ ಹಲ್ಲಿಲ್ಲ. ದವಡೆಯ ಮೂಳೆಯ ಮೇಲೆ ಕೆರಟಿನ್ ಎಂಬ ಗಟ್ಟಿ ಪದಾರ್ಥದ ಹೊದಿಕೆ ಇದೆ, ಅದೇ ಕೊಕ್ಕು. ಬುಡದಲ್ಲಿರುವ ಜೀವಂತ ಪದರದಿಂದ ಅದು ಬದುಕಿರುವಷ್ಟು ಕಾಲವೂ ಬೆಳೆಯುತ್ತಲೇ ಇರುತ್ತದೆ. ನಾರಿರುವ ಹುಲ್ಲನ್ನು ಕಚ್ಚಿ ಹರಿಯುವಾಗ, ಮೇಲ್ಕೊಕ್ಕು ಕೆಳಕೊಕ್ಕಿಗೆ ಉಜ್ಜುವಾಗ, ನೆಲಕ್ಕೆ ತಾಗುವಾಗ ಅಷ್ಟೇ ಪ್ರಮಾಣದಲ್ಲಿ ಸವೆಯಬೇಕು. ಬಾಯಿ ಮುಚ್ಚಿದಾಗ ಮೇಲ್ಕೊಕ್ಕು ಕೆಳಗಿನದರ ಮೇಲೆ ತುಸುವೇ ಚಾಚಿದ್ದರೆ ಅದು ಸಹಜ. ಕೆಲವು ಜಾತಿಗಳಲ್ಲಿ ಮೇಲ್ಕೊಕ್ಕಿನ ಅಂಚಿನಲ್ಲಿ ಎರಡು ಮೂರು ಸಣ್ಣ ಮೊನೆಗಳೂ ಇರುತ್ತವೆ. ಅವನ್ನು ಉಜ್ಜಿ ಸಪಾಟು ಮಾಡಬಾರದು, ಹುಲ್ಲು ಹಿಡಿಯುವುದು ಅವುಗಳಿಂದಲೇ. ಎಲೆಯನ್ನು ಕಚ್ಚಲು ಹೋಗಿ ಜಾರಿಸುವುದು, ಮೆತ್ತಗಿನದ್ದನ್ನು ಮಾತ್ರ ತಿನ್ನುವುದು, ಮುಂಗಾಲಿನಿಂದ ಒತ್ತಿಹಿಡಿದು ಎಳೆದೆಳೆದು ಹರಿಯುವುದು, ಕೊಕ್ಕು ಒಂದು ಪಕ್ಕಕ್ಕೆ ಸರಿದು ಬಾಯಿ ಸರಿಯಾಗಿ ಮುಚ್ಚದಿರುವುದು, ಇವು ಎಚ್ಚರಿಕೆಯ ಲಕ್ಷಣಗಳು. ತಿಂಗಳಿಗೊಮ್ಮೆ ಎದುರಿನಿಂದ ಮತ್ತು ಪಕ್ಕದಿಂದ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟರೆ, ದಿನಾ ನೋಡುವ ಕಣ್ಣಿಗೆ ಕಾಣದ ವ್ಯತ್ಯಾಸ ಗೊತ್ತಾಗುತ್ತದೆ.

ಕಾರಣಗಳಲ್ಲಿ ಮೊದಲನೆಯದು ಮೇವು. ಸೌತೆಕಾಯಿ, ಟೊಮೆಟೊ, ಬಾಳೆಹಣ್ಣು, ಅನ್ನ, ಚಪಾತಿ ಇವುಗಳಲ್ಲಿ ಕೊಕ್ಕಿಗೆ ಕೆಲಸವೇ ಇಲ್ಲ, ಕ್ಯಾಲ್ಸಿಯಂ ಕೂಡ ಇಲ್ಲದಂತೆಯೇ. ನಾಯಿಯ ಆಹಾರ, ಬೇಳೆ, ಮೊಟ್ಟೆ ಹಾಕುವವರೂ ಇದ್ದಾರೆ. ಹುಲ್ಲು ತಿನ್ನುವ ಪ್ರಾಣಿಗೆ ಅಷ್ಟು ಪ್ರೋಟೀನ್ ಬೇಡ. ಎರಡನೆಯದು ಬಿಸಿಲು. ಬಿಸಿಲಿನಲ್ಲಿರುವ ಯುವಿಬಿ ಎಂಬ ಅತಿನೇರಳೆ ಕಿರಣ ಮೈಮೇಲೆ ಬಿದ್ದರೆ ಮಾತ್ರ ಆಮೆಯ ಚರ್ಮದಲ್ಲಿ ಡಿ3 ವಿಟಮಿನ್ ತಯಾರಾಗುತ್ತದೆ, ಅದಿದ್ದರೆ ಮಾತ್ರ ತಿಂದ ಕ್ಯಾಲ್ಸಿಯಂ ಮೂಳೆಗೆ ಸೇರುತ್ತದೆ. ಅದು ತಪ್ಪಿದಾಗ ದವಡೆಯ ಮೂಳೆ ಮೆತ್ತಗಾಗಿ ಬಾಗುತ್ತದೆ, ಮೇಲು ಕೆಳಗಿನ ಅಂಚುಗಳು ಕೂಡುವುದಿಲ್ಲ, ಕೂಡದ ಅಂಚು ಸವೆಯುವುದಿಲ್ಲ. ಮೂರನೆಯದು ಪೆಟ್ಟು. ನಾಯಿ ಕಚ್ಚಿಯೋ ಜಗಲಿಯಿಂದ ಬಿದ್ದೋ ಬುಡದ ಪದರಕ್ಕೆ ಗಾಯವಾದರೆ ಆ ಭಾಗದ ಕೊಕ್ಕು ಮುಂದೆ ಸೊಟ್ಟಗೇ ಬೆಳೆಯಬಹುದು. ಅಂಥ ಆಮೆಗೆ ಜೀವನವಿಡೀ ಆಗಾಗ ಉಜ್ಜಿಸುವುದು ತಪ್ಪುವುದಿಲ್ಲ.

ಬಿಸಿಲಿನ ವಿಷಯದಲ್ಲಿ ಮಲೆನಾಡಿನವರು ವಿಶೇಷ ಕಾಳಜಿ ವಹಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗುಂಬೆ, ಹೊಸನಗರ, ತೀರ್ಥಹಳ್ಳಿ ಕಡೆ ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ. ಕಿಟಕಿಯ ಗಾಜಿನ ಹಿಂದೆ ಇಟ್ಟರೆ ಬಿಸಿ ತಾಗೀತು, ಯುವಿಬಿ ಕಿರಣ ಗಾಜನ್ನು ದಾಟುವುದಿಲ್ಲ. ಮನೆಯ ಎಲ್ಇಡಿ, ಸಾದಾ ಬಲ್ಬುಗಳಲ್ಲಿ ಅದು ಇರುವುದೇ ಇಲ್ಲ. ಹಾಗಾಗಿ ಸರೀಸೃಪಗಳಿಗೆಂದೇ ಮಾರುವ ಯುವಿಬಿ ಟ್ಯೂಬ್ ಬೇಕು. ಪೆಟ್ಟಿಗೆಯ ಮೇಲೆ ತಯಾರಕರು ಹೇಳಿದಷ್ಟು ಎತ್ತರದಲ್ಲಿ ಕಟ್ಟಿ, ನಡುವೆ ಗಾಜು ಪ್ಲಾಸ್ಟಿಕ್ ಇಲ್ಲದಂತೆ, ದಿನಕ್ಕೆ 10ರಿಂದ 12 ಗಂಟೆ ಉರಿಸಿ. ಬೆಳಕು ಉರಿಯುತ್ತಿದ್ದರೂ ಕಿರಣ ಕ್ಷೀಣಿಸುತ್ತದೆ. 6ರಿಂದ 12 ತಿಂಗಳಿಗೊಮ್ಮೆ ಬದಲಾಯಿಸಿ. ಗೂಡಿನ ಒಂದು ತುದಿಯಲ್ಲಿ ಬಲ್ಬಿನಡಿ 32ರಿಂದ 35 ಡಿಗ್ರಿ, ಇನ್ನೊಂದು ತುದಿಯಲ್ಲಿ 25ರ ಆಸುಪಾಸು ಇರಲಿ. ಕರೆಂಟ್ ಹೋದ ದಿನಗಳಲ್ಲಿ ಮೈ ತಣ್ಣಗಾದ ಆಮೆಗೆ ಬಲವಂತವಾಗಿ ತಿನ್ನಿಸಬೇಡಿ, ತಿಂದದ್ದು ಜೀರ್ಣವಾಗದೆ ಹೊಟ್ಟೆಯಲ್ಲೇ ಕೊಳೆಯುತ್ತದೆ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟು ಮೈ ಬೆಚ್ಚಗಾದ ಮೇಲೆ ಮೇವು ಕೊಡಿ. ಹಾಸಿಗೆಗೆ ಒದ್ದೆ ಅಡಿಕೆ ಸಿಪ್ಪೆ ಬೇಡ, ಬೂಸ್ಟು ಹಿಡಿಯುತ್ತದೆ.

ಈಗ ಉಜ್ಜುವ ಕೆಲಸ, ಇದು ವೈದ್ಯರದ್ದು. ನೇಲ್ ಕಟರ್, ವೈರ್ ಕಟರ್, ಅಡಿಕೆ ಕತ್ತರಿ ಯಾವುದೂ ಸಲ್ಲದು. ಕತ್ತರಿಯ ಬಾಯಿ ಎರಡೂ ಕಡೆಯಿಂದ ಅಮುಕಿದಾಗ ಗಟ್ಟಿ ಕೆರಟಿನ್ ಉದ್ದಕ್ಕೂ ಸೀಳುತ್ತದೆ, ಸೀಳು ಬುಡದವರೆಗೆ, ಕೆಲವೊಮ್ಮೆ ಮೂಳೆಯವರೆಗೆ ಹೋಗುತ್ತದೆ. ವೈದ್ಯರು ಬಳಸುವುದು ಮರಗೆಲಸದವರ ಬಳಿಯೂ ಇರುವಂಥ, ತುದಿಗೆ ಉಜ್ಜುಕಾಗದದ ಉರುಳೆ ಸಿಕ್ಕಿಸಿದ ಸಣ್ಣ ತಿರುಗುವ ಯಂತ್ರವನ್ನು. ಕಡಿಮೆ ವೇಗದಲ್ಲಿ, ಒಂದು ಜಾಗದಲ್ಲಿ ಮೂರು ನಾಲ್ಕು ಸೆಕೆಂಡಿಗಿಂತ ಹೆಚ್ಚು ನಿಲ್ಲಿಸದೆ ಉಜ್ಜಬೇಕು. ನಿಲ್ಲಿಸಿದರೆ ಕಾದು ಒಳಗಿನ ಜೀವಂತ ಪದರ ಸುಡುತ್ತದೆ. ಒಬ್ಬರು ತಲೆಯ ಹಿಂಭಾಗದಲ್ಲಿ ದವಡೆಯ ಮೂಲೆಗಳನ್ನು ಹೆಬ್ಬೆರಳು ತೋರುಬೆರಳಿನಿಂದ ಹಿಡಿದುಕೊಳ್ಳಬೇಕು, ಗಂಟಲನ್ನು ಒತ್ತಬಾರದು. ನಾಲಿಗೆಗೆ ತಾಗದಂತೆ ನಡುವೆ ಐಸ್‌ಕ್ರೀಂ ಕಡ್ಡಿ, ಕಣ್ಣಿಗೆ ಒದ್ದೆ ಬಟ್ಟೆ, ಉಜ್ಜುವವರಿಗೆ ಮಾಸ್ಕ್ ಇರಲಿ. ತುಂಬಾ ಬೆಳೆದಿದ್ದರೆ ಒಂದೇ ದಿನ ಎಲ್ಲವನ್ನೂ ತೆಗೆಯುವುದಿಲ್ಲ. ಒಂದೆರಡು ಮಿಲಿಮೀಟರ್ ತೆಗೆದು, ಎರಡು ಮೂರು ವಾರ ಬಿಟ್ಟು ಮತ್ತೆ ನೋಡುವುದು ಕ್ಷೇಮ, ಏಕೆಂದರೆ ವರ್ಷಗಟ್ಟಲೆ ಬೆಳೆದ ಕೊಕ್ಕಿನೊಳಗೆ ಜೀವಂತ ಪದರವೂ ಮುಂದಕ್ಕೆ ಬಂದಿರಬಹುದು. ತಲೆ ಒಳಗೆಳೆದುಕೊಂಡು ಬಿಡದ ದೊಡ್ಡ ಆಮೆಗೆ ಅರಿವಳಿಕೆ ಕೊಡುವುದು ಒಳ್ಳೆಯದು. ಎಳೆದಾಡಿ ಕುತ್ತಿಗೆಗೆ ನೋವು ಮಾಡಬಾರದು. ಕೊಕ್ಕು ಸೊಟ್ಟಗಿದ್ದರೆ ಉಜ್ಜುವ ಮೊದಲೇ ದವಡೆಯ ಎಕ್ಸ್-ರೇ ಮಾಡಿಸಿ.

ಮನೆಯಲ್ಲಿ ಮಾಡಬಹುದಾದದ್ದು ಒಂದೇ: ವೈದ್ಯರು ಆಕಾರ ಕೂಡಿಸಿಕೊಟ್ಟ ಮೇಲೆ, ಅವರು ತೋರಿಸಿದ ಅಂಚನ್ನು ಅವರು ಹೇಳಿದಾಗ ನುಣುಪು ಉಗುರು ಅರದಿಂದ ಹಗುರವಾಗಿ ಉಜ್ಜುವುದು.

ಕೊಕ್ಕು ಮುರಿದು ರಕ್ತ ಬರುತ್ತಿದ್ದರೆ ಶುದ್ಧವಾದ ಗಾಜ್ ಬಟ್ಟೆಯಿಂದ ಐದು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ಮೆಡಿಕಲ್‌ನಲ್ಲಿ ಸಿಗುವ ನಾರ್ಮಲ್ ಸಲೈನ್‌ನಿಂದ ತೊಳೆಯಿರಿ. ಹೊರಗಿನ ಗಾಯಕ್ಕೆ ಪೊವಿಡೋನ್ ಅಯೋಡಿನ್ ಅನ್ನು ತೆಳು ಚಹಾದ ಬಣ್ಣ ಬರುವಷ್ಟು ನೀರು ಬೆರೆಸಿ ಹಚ್ಚಬಹುದು, ಬಾಯೊಳಗೆ ಹೋಗದಿರಲಿ. ಮಣ್ಣಿನ ಮೇಲೆ ಬಿಡದೆ ಹಳೆಯ ಪತ್ರಿಕೆ ಹಾಸಿದ ಪೆಟ್ಟಿಗೆಯಲ್ಲಿಟ್ಟು ಮೇಲೆ ಸೊಳ್ಳೆಪರದೆ ಕಟ್ಟಿ. ಮಳೆಗಾಲದಲ್ಲಿ ನೊಣ ಒಂದೇ ದಿನದಲ್ಲಿ ಗಾಯದಲ್ಲಿ ಮೊಟ್ಟೆಯಿಡುತ್ತದೆ. ಹುಳ ಬಿತ್ತೆಂದು ದನದ ಗಾಯಕ್ಕೆ ಹಾಕುವ ಟರ್ಪೆಂಟೈನ್ ಎಣ್ಣೆ, ನುಸಿಗುಳಿಗೆ ಹಾಕಬೇಡಿ. ಫೆವಿಕ್ವಿಕ್, ಎಂ-ಸೀಲ್ ಹಾಕಿ ಅಂಟಿಸಿದರೆ ಸೋಂಕು ಒಳಗೇ ಮುಚ್ಚಿಹೋಗುತ್ತದೆ. ಇನ್ನೊಂದು ಮಾತನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿದರೂ ಸರಿಯೇ: ದನ, ನಾಯಿಗಳ ಹುಳಕ್ಕೆ, ಉಣ್ಣೆಗೆ ದಿನನಿತ್ಯ ಕೊಡುವ ಐವರ್ಮೆಕ್ಟಿನ್ ಆಮೆಗೆ ವಿಷ. ಕೈಕಾಲು ಸ್ವಾಧೀನ ತಪ್ಪಿ ಸಾಯಬಹುದು. ಯಾರೇ ಚುಚ್ಚುಮದ್ದು ಕೊಡುವಾಗಲೂ ಇದನ್ನು ಕೇಳಿಕೊಳ್ಳಿ.

ಗಾಯ ಮಾಯುವವರೆಗೆ ಮೇವು ಮೆತ್ತಗಿರಲಿ. ನುಗ್ಗೆಸೊಪ್ಪು, ದಾಸವಾಳದ ಎಲೆ ಮತ್ತು ಹೂ, ಹಿಪ್ಪುನೇರಳೆ ಸೊಪ್ಪು, ಎಳೆ ಗರಿಕೆ ಇವನ್ನು ಅರ್ಧ ಸೆಂಟಿಮೀಟರಿಗಿಂತ ಸಣ್ಣಗೆ ಹೆಚ್ಚಿ, ತುಸು ನೀರು ಚಿಮುಕಿಸಿ, ಅಂಗೈಯಲ್ಲಿ ಒತ್ತಿ ಉಂಡೆ ಮಾಡಿಡಿ. ಕಚ್ಚಲಾಗದಿದ್ದರೂ ಉಂಡೆಯನ್ನು ಬಾಯಿಗೆ ತುಂಬಿಕೊಳ್ಳುತ್ತದೆ. ದಿನಾ 15–20 ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ, ಗದ್ದ ಮುಳುಗದಷ್ಟು ಆಳದಲ್ಲಿ ಬಿಡಿ. ವಾರಕ್ಕೊಮ್ಮೆ ಅಡುಗೆಮನೆ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಒಂದು ಕಿಲೋ ಆಮೆ 100 ಗ್ರಾಂ ಇಳಿದಿದ್ದರೆ ಕಾಯದೆ ಆಸ್ಪತ್ರೆಗೆ ಒಯ್ಯಿರಿ. ಬಾಯೊಳಗೆ ಹಳದಿ ಮೊಸರಿನ ಗೆಡ್ಡೆಯಂಥದ್ದು ಕಂಡರೂ ಅಷ್ಟೇ, ಅದು ಬಾಯಿ ಹುಣ್ಣಿನ ಸೋಂಕು.

ಗಾಯ ಮಾದ ಮೇಲೆ ಒರಟು ಮೇವಿಗೆ ಮರಳಿ. ನೂರಕ್ಕೆ 80 ಭಾಗ ಹುಲ್ಲೇ ಇರಲಿ: ಬಲಿತ ಗರಿಕೆ, ಗದ್ದೆ ಬದುವಿನ ಹುಲ್ಲು, ಹೆಚ್ಚಿದ ನೇಪಿಯರ್, ಜತೆಗೆ ಮುಳ್ಳು ತೆಗೆದ ಪಾಪಾಸುಕಳ್ಳಿ. ಬಸಳೆ, ಹರಿವೆ, ಪಾಲಕ್ ಅಪರೂಪಕ್ಕೆ ಸಾಕು, ಅವುಗಳ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ಹಿತ್ತಲ ತುಂಬ ಸಿಗುವ ಕೆಸು ಬೇಡವೇ ಬೇಡ, ಅದರ ಸೂಜಿಯಂಥ ಹರಳುಗಳು ಬಾಯಿಗೆ ಚುಚ್ಚಿಕೊಳ್ಳುತ್ತವೆ. ಕೊಳೆರೋಗಕ್ಕೆ ಮೈಲುತುತ್ತಿನ ಬೋರ್ಡೋ ದ್ರಾವಣ ಹೊಡೆದ ಅಡಿಕೆ ತೋಟದ ಹುಲ್ಲು, ಕಳೆನಾಶಕ ಬಿದ್ದ ಹುಲ್ಲು ತರಬೇಡಿ. ಮೈಲುತುತ್ತಿನ ತಾಮ್ರ ಎಲೆಗೆ ಅಂಟಿಕೊಂಡಿರುತ್ತದೆ. ಮೇವನ್ನು ತಟ್ಟೆಯಲ್ಲಿಡದೆ ಒರಟು ಚಪ್ಪಡಿ ಕಲ್ಲಿನ ಮೇಲೆ ಹರಡಿದರೆ ಒಂದೊಂದು ಬಾಯಿಗೂ ಕೊಕ್ಕು ಕಲ್ಲಿಗೆ ತಾಗುತ್ತದೆ. ಸಮುದ್ರನೊರೆಯ (ಕಟಲ್‌ಬೋನ್) ತುಂಡೊಂದು ಸದಾ ಗೂಡಿನಲ್ಲಿರಲಿ, ಕಚ್ಚಿದಷ್ಟೂ ಸವೆತ, ಜತೆಗೆ ಕ್ಯಾಲ್ಸಿಯಂ. ಸಿಗದಿದ್ದರೆ ಮೊಟ್ಟೆಯ ಚಿಪ್ಪನ್ನು ಕುದಿಸಿ ಒಣಗಿಸಿ ನುಣ್ಣಗೆ ಪುಡಿ ಮಾಡಿ ವಾರಕ್ಕೆ ಎರಡು ಮೂರು ಸಲ ಒಂದು ಚಿಟಿಕೆ ಉದುರಿಸಿ. ಎಲೆ ಅಡಿಕೆಯ ಸುಣ್ಣ ಮಾತ್ರ ಹಾಕಬೇಡಿ, ಅದು ಬಾಯಿ ಸುಡುವ ಕ್ಷಾರ.

ಆಮೆ ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯುವುದು ಮಕ್ಕಳಿಗೂ ಅಭ್ಯಾಸವಾಗಲಿ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಆರೋಗ್ಯವಂತ ಆಮೆಯ ಮೈಮೇಲೂ ಇರಬಹುದು.

ಕೊನೆಯದಾಗಿ ಪಶುಪಾಲನಾ ಇಲಾಖೆಗೆ ಒಂದು ಮನವಿ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಅದರ ನೆರವಿನಿಂದ ಪ್ರತಿ ತಾಲ್ಲೂಕಿನ ಒಬ್ಬ ಪಶುವೈದ್ಯರಿಗಾದರೂ ಆಮೆಯ ಕೊಕ್ಕು ಉಜ್ಜುವ, ಅರಿವಳಿಕೆ ಕೊಡುವ ತರಬೇತಿ ಕೊಡಿಸಿ, ತಿಂಗಳಿಗೊಂದು ದಿನ ಗೊತ್ತು ಮಾಡಿ ಆಸ್ಪತ್ರೆಯ ಫಲಕದಲ್ಲಿ ಬರೆಸಬೇಕು. ಹಾಗಾದರೆ ಜನ ನೇಲ್ ಕಟರ್ ಹಿಡಿಯುವುದು ತಾನಾಗಿ ನಿಲ್ಲುತ್ತದೆ. ಸಾಕಣೆದಾರರು ಹೋಗುವಾಗ ತಿಂಗಳ ಫೋಟೋಗಳು, ತೂಕದ ಪಟ್ಟಿ, ಹಾಕುವ ಮೇವಿನ ವಿವರ, ಯುವಿಬಿ ಟ್ಯೂಬ್ ಕೊಂಡ ತಾರೀಖು ಇಷ್ಟನ್ನೂ ಒಯ್ಯಬೇಕು. ಆಮೆಯನ್ನು ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ, ಒಣ ಬಟ್ಟೆ ಹಾಸಿ, ನೀರಿಲ್ಲದೆ ಒಯ್ಯಿರಿ.

ಇಂತಿ,
ಆಮೆಗಳ ಆರೈಕೆಯಲ್ಲಿ ತೊಡಗಿರುವ ಓದುಗರು,
ತೀರ್ಥಹಳ್ಳಿ, ಶಿವಮೊಗ್ಗ ಜಿಲ್ಲೆ