ಅಂಗಡಿಯಲ್ಲಿ ಸಿಕ್ಕಿದ ಆ ಹಿರಿಯರಿಗೆ

ನಿಮ್ಮ ಹೆಸರು ಕೇಳುವುದನ್ನೇ ಮರೆತೆ, ಕ್ಷಮಿಸಿ.

ನಮ್ಮ ಮನೆಯ ಗೀಸರ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಪದೇ ಪದೇ ಟ್ರಿಪ್ ಆಗುತ್ತಿತ್ತು. 16 ಆಂಪ್ ತೆಗೆದು 32 ಹಾಕಿದರೆ ತೊಂದರೆ ಮುಗಿಯಿತು ಅಂದುಕೊಂಡು ಅಂಗಡಿಗೆ ಬಂದಿದ್ದೆ. ಪಕ್ಕದಲ್ಲಿದ್ದ ನೀವು ಕೇಳಿದ್ದು ಒಂದೇ ಮಾತು: "ಒಳಗಿನ ವೈರ್ ಎಷ್ಟು ದಪ್ಪ?" 2.5 ಎಂಎಂ ಅಂದೆ. "ಹಾಗಾದ್ರೆ 32 ಹಾಕಿದ್ರೆ ಎಂಸಿಬಿ ಬೀಳಲ್ಲ, ವೈರ್ ಸುಡುತ್ತೆ" ಅಂದಿರಿ. ಆಮೇಲೆ ಸುಮ್ನೆ ನನ್ನ ಜೊತೆ ಹೊರಟೇಬಿಟ್ಟಿರಿ!

ಮೈನ್ ಆಫ್ ಮಾಡಿದ್ದೇ ಸಾಕು ಅಂತ ನಾನು ಕೈ ಹಾಕಲು ಹೋದೆ. ನೀವು ತಡೆದು ಇನ್ವರ್ಟರನ್ನೂ ಆಫ್ ಮಾಡಿಸಿದಿರಿ. ಅದು ನನಗೆ ಹೊಳೆದೇ ಇರಲಿಲ್ಲ. ಮೈನ್‌ಗೆ ಬರುವ ತಂತಿಯಲ್ಲಿ ಕರೆಂಟ್ ಇದ್ದೇ ಇರುತ್ತೆ, ಅದರ ಹತ್ತಿರ ಹೋಗಬೇಡ ಅಂದಿರಿ. ಮೈನ್ ಆಫ್ ಮಾಡುವ ಮೊದಲೇ ಟೆಸ್ಟರನ್ನು ಪ್ಲಗ್‌ನಲ್ಲಿ ಇಟ್ಟು ಅದು ಸರಿಯಾಗಿದೆಯಾ ಅಂತ ನೋಡಿದ್ದಿರಿ. ಟೆಸ್ಟರ್ ಕೆಟ್ಟಿದ್ದರೆ ಕರೆಂಟ್ ಇದ್ದರೂ ಅದರ ದೀಪ ಹೊತ್ತಿಕೊಳ್ಳಲ್ಲ, ಅಲ್ವಾ?

ಕೆಳಗಿನ ಕ್ಲಿಪ್ ಎಳೆದು ಹಳೇ ಎಂಸಿಬಿ ಬಿಚ್ಚಿದಾಗ ಕಾರಣ ಸಿಕ್ಕಿತು. ಸ್ಕ್ರೂ ಸಡಿಲವಾಗಿ ವೈರ್ ತುದಿ ಕಪ್ಪಾಗಿತ್ತು. ಆ ಬಿಸಿಗೇ ಎಂಸಿಬಿ ಟ್ರಿಪ್ ಆಗುತ್ತಿತ್ತು. ಸುಟ್ಟ ತುದಿ ಕತ್ತರಿಸಿದಿರಿ, ಹೊಸ 16 ಆಂಪ್ ಕೂರಿಸಿ ಬಿಗಿ ಮಾಡಿದಿರಿ, ವೈರ್ ಜಗ್ಗಿ ನೋಡಿದಿರಿ.

ದುಡ್ಡು ಬೇಡ ಅಂದಿರಿ. ಕಾಫಿಗೆ ಮಾತ್ರ ಒಪ್ಪಿದಿರಿ, ಅದೂ ಸಕ್ಕರೆ ಜಾಸ್ತಿ ಹಾಕಿ. ಸುಟ್ಟ ಆ ತುದಿ ಇನ್ನೂ ನನ್ನ ಮೇಜಿನ ಮೇಲಿದೆ. ತುಂಬಾ ಥ್ಯಾಂಕ್ಸ್ ಸಾರ್.