ಪುಟ್ಟಿ, ಫೋನ್ ಎತ್ತದಿದ್ರೂ ಇದನ್ನ ಪೂರ್ತಿ ಓದು

ಪುಟ್ಟಿ,

ಭಾನುವಾರ ರಾತ್ರಿ ಫೋನಲ್ಲಿ ಆಗಿದ್ದನ್ನ ಮತ್ತೆ ಇಲ್ಲಿ ಬರೆಯಲ್ಲ, ಇಬ್ರಿಗೂ ಗೊತ್ತಿದೆ. ನಾನು ದನಿ ಏರಿಸಿದ್ದಕ್ಕೆ ನಂಗೂ ಬೇಜಾರಿದೆ, ಅಷ್ಟು ಸಾಕು.

ಫಸ್ಟ್ ಇಂಟರ್ನಲ್ಸಲ್ಲಿ ಡೇಟಾ ಸ್ಟ್ರಕ್ಚರ್ಸ್ ಸಬ್ಜೆಕ್ಟಿಗೆ 25ಕ್ಕೆ 9 ಬಂದಿದ್ದು ನಂಗೆ ದೊಡ್ಡ ವಿಷಯ ಅಲ್ಲ, ನಿಜವಾಗ್ಲೂ. ನನ್ನೆದೆ ಧಸಕ್ ಅಂದಿದ್ದು ಆಮೇಲೆ ನೀನು ಹೇಳಿದ ಮಾತಿಗೆ, "ಸ್ಟಡಿ ಹಾಲಿಡೇಸಲ್ಲಿ ಕೂತು ಮುಗಿಸ್ತೀನಿ ಬಿಡಮ್ಮ, ಪಾಸಿಂಗ್ ಪ್ಯಾಕೇಜ್ ಇದೆ" ಅಂದ್ಯಲ್ಲ, ಪಾಸಾಗೋಕೆ ಬೇಕಾದಷ್ಟೇ ಪ್ರಶ್ನೆ ಆರಿಸಿಟ್ಟ ಆ ನೋಟ್ಸ್ ನಂಬ್ಕೊಂಡು, ಅದಕ್ಕೆ. ಸೆಕೆಂಡ್ ಪಿಯುಸಿ ಕೆಮಿಸ್ಟ್ರಿ ಎಕ್ಸಾಮ್ ಹಿಂದಿನ ದಿನಾನೂ ನೀನು ಇದೇ ಥರ "ಬಿಡಮ್ಮ" ಅಂದಿದ್ದೆ. ಬೆಳಗಿನ ಜಾವದವರೆಗೂ ನಿನ್ನ ರೂಮಿನ ಲೈಟ್ ಉರೀತಿತ್ತು, ಬೆಳಗ್ಗೆ ಇಡ್ಲಿ ಮುಟ್ಲಿಲ್ಲ, ಕಾಲೇಜ್ ಗೇಟ್ ಹತ್ರ ವಾಂತಿ ಮಾಡ್ಕೊಂಡೆ, ಕೈ ಮುಟ್ಟಿದ್ರೆ ಐಸ್ ಥರ ತಣ್ಣಗೆ, ಹಾಲ್ ಟಿಕೆಟ್ ಹಿಡ್ಕೊಂಡಿರೋ ಬೆರಳು ನಡುಗ್ತಿತ್ತು. "ಅಮ್ಮ ಏನೂ ನೆನಪಾಗ್ತಿಲ್ಲ" ಅಂತ ಒಳಗೆ ಹೋದೆ. ಮೂರು ಗಂಟೆ ನಾನು ಎದುರುಗಡೆ ಹೊಂಗೆ ಮರದ ಕೆಳಗೆ ನಿಂತಿದ್ದೆ, ಯಾರಾದ್ರೂ ಓಡಿ ಬಂದು ನಿಮ್ಮ ಹುಡುಗಿ ಬಿದ್ದುಬಿಟ್ಳು ಅಂತಾರೇನೋ ಅಂತ ಗೇಟನ್ನೇ ನೋಡ್ಕೊಂಡು. ಒಳ್ಳೇ ಮಾರ್ಕ್ಸೇ ಬಂತು, ಊರೆಲ್ಲಾ ಸ್ವೀಟ್ ಹಂಚಿದ್ವಿ. ಆದ್ರೆ ಪುಟ್ಟಿ, ಆ ಮಾರ್ಕ್ಸ್ ನೋಡಿ ನೀನು ಇದೇ ದಾರಿ ಸರಿ ಅಂದ್ಕೊಂಡ್ಬಿಟ್ಯೇನೋ ಅಂತ ನಂಗೀಗ ಅನ್ಸುತ್ತೆ. ಅವಾಗ ನಾನು ಗೇಟ್ ಹತ್ರ ಆದ್ರೂ ಇದ್ದೆ, ಬೆಂಗಳೂರಲ್ಲಿ ಹಾಸ್ಟೆಲ್ ರೂಮಲ್ಲಿ ನಿನ್ನ ಕೈ ಯಾರು ಮುಟ್ಟಿ ನೋಡ್ತಾರೆ?

ಪೇರೆಂಟ್ಸ್ ಮೀಟಿಂಗಲ್ಲಿ ನಿಮ್ಮ ಮೇಡಂ ಹೇಳಿದ್ದನ್ನ ಡೈರೀಲಿ ಬರ್ಕೊಂಡು ಬಂದಿದೀನಿ. ಒಂದೊಂದು ಸಬ್ಜೆಕ್ಟಿಗೂ ಇಂಟರ್ನಲ್ಸ್, ಅಂದ್ರೆ ಕಾಲೇಜಲ್ಲೇ ಕೊಡೋ ಮಾರ್ಕ್ಸ್, 50, ಯೂನಿವರ್ಸಿಟಿ ಎಕ್ಸಾಮ್ 50, ಇಂಟರ್ನಲ್ಸಲ್ಲಿ 20 ಬರ್ಲಿಲ್ಲ ಅಂದ್ರೆ ಆ ಸಬ್ಜೆಕ್ಟಿನ ಮೇನ್ ಎಕ್ಸಾಮಿಗೇ ಕೂರ್ಸಲ್ಲ. ಅಂದ್ರೆ ನೀನು ನಂಬ್ಕೊಂಡಿರೋ ಸ್ಟಡಿ ಹಾಲಿಡೇಸ್ ಬರೋ ಹೊತ್ತಿಗೆ ಅರ್ಧ ಲೆಕ್ಕ ಮುಗಿದಿರುತ್ತೆ ಅಲ್ವಾ. ಇನ್ನು ಯೂನಿವರ್ಸಿಟಿ ಎಕ್ಸಾಮ್ 100ಕ್ಕೆ ಬರೆಸಿ ಆಮೇಲೆ 50ಕ್ಕೆ ಇಳಿಸ್ತಾರೆ. ಅದರಲ್ಲಿ ಐದು ಮಾಡ್ಯೂಲ್, ಅಂದ್ರೆ ಸಿಲೆಬಸ್ಸಿನ ಐದು ಭಾಗ, ಒಂದೊಂದರಿಂದ ಎರಡು ಪ್ರಶ್ನೆ ಕೊಟ್ಟು ಒಂದು ಬರೀಬೇಕು, ಒಂದಕ್ಕೆ 20 ಮಾರ್ಕ್ಸು. ಒಂದು ಮಾಡ್ಯೂಲ್ ಬಿಟ್ರೆ ಆ 20 ಹೋಯ್ತು, ಬೇರೆ ಮಾಡ್ಯೂಲಲ್ಲಿ ಎರಡು ಬರೆದು ತುಂಬ್ಸೋಕೆ ಆಗಲ್ಲ. ಪಾಸಿಂಗ್ ಪ್ಯಾಕೇಜ್ ಓದಿದವರು ಪಾಸಾಗಬಹುದು, ಇಲ್ಲ ಅನ್ನಲ್ಲ, ಆದ್ರೆ ಮುಂದೆ ಇಂಟರ್ವ್ಯೂನಲ್ಲಿ ಡೇಟಾ ಸ್ಟ್ರಕ್ಚರ್ಸಿನ ಲಿಂಕ್ಡ್ ಲಿಸ್ಟ್ ಬಗ್ಗೆ ಕೇಳಿದ್ರೆ ಆ ಪ್ಯಾಕೇಜ್ ಬಂದು ಉತ್ತರ ಹೇಳುತ್ತಾ?

ಲೆಕ್ಚರ್ ಬೇಡಮ್ಮ ಅಂತೀಯ, ಗೊತ್ತು. ಆದ್ರೂ ನನ್ನ ಕೆಲಸದ ಒಂದು ವಿಷಯ ಹೇಳ್ತೀನಿ ಕೇಳು. ಮದುವೆ ಸೀಸನಲ್ಲಿ ಬ್ಲೌಸ್ ಆರ್ಡರ್ ರಾಶಿ ಬಿದ್ದಾಗ ನನ್ನ ಡೈರೀಲಿ ಕೊಡೋ ತಾರೀಖಿಗಿಂತ ದೊಡ್ಡದಾಗಿ ಕಟಿಂಗ್ ತಾರೀಖು ಬರೀತೀನಿ. ಮದುವೆ 20ಕ್ಕೆ ಅಂದ್ರೆ ಅಲ್ಲಿಂದ ಹಿಂದಕ್ಕೆ ಎಣಿಸ್ಕೊಂಡು ಬರ್ತೀನಿ, ಕುಚ್ಚು ಕಟ್ಟೋಕೆ ಇಷ್ಟು ದಿನ, ಫಾಲು ಜಿಗ್‌ಜಾಗಿಗೆ ಒಂದು ದಿನ, ಟ್ರಯಲ್ ನೋಡಿ ಬಿಚ್ಚಿ ಹೊಲಿಯೋಕೆ ಎರಡು ದಿನ, ಕರೆಂಟ್ ಹೋಗೋದಕ್ಕೆ ಒಂದು ದಿನ. ಹಂಗೆ ಎಣಿಸಿದ್ರೆ ಕತ್ತರಿ ಯಾವತ್ತು ಹಿಡೀಬೇಕು ಅಂತ ತಾನಾಗೇ ಗೊತ್ತಾಗುತ್ತೆ. ನಿನ್ನ ಮೊಬೈಲಲ್ಲಿ ಬರೀ ಸಬ್ಮಿಷನ್ ಡೇಟು, ಎಕ್ಸಾಮ್ ಡೇಟು ಇದೆ, ಶುರು ಮಾಡೋ ಡೇಟ್ ಒಂದೂ ಇಲ್ಲ. ದೀಪಾವಳಿಗೆ ಬಂದಾಗ ನೀನೇ ತೋರಿಸಿದ್ದೆ.

ಸೆಕೆಂಡ್ ಇಂಟರ್ನಲ್ಸ್ ಡಿಸೆಂಬರ್ ಎರಡನೇ ವಾರ ಅಂದ್ಯಲ್ವಾ. ಅಲ್ಲಿಂದ ಹಿಂದಕ್ಕೆ ಎಣಿಸು. ಡೇಟಾ ಸ್ಟ್ರಕ್ಚರ್ಸ್‌ಗೆ ವಾರದಲ್ಲಿ ಮೂರು ಸಂಜೆ ಕೊಡು, ಓದಿದ್ರೆ ಸಾಲದು, ಪ್ರೋಗ್ರಾಂ ಕೈಯಲ್ಲಿ ಬರೆದು ನೋಡು. ಲ್ಯಾಬ್ ರೆಕಾರ್ಡ್ ಆಯಾ ವಾರವೇ ಬರೆದುಬಿಡು, ಹೋದ್ ಸೆಮ್ಮಲ್ಲಿ ಎಲ್ಲಾ ಒಂದೇ ರಾತ್ರಿ ಬರೆದು ಬೆರಳು ಊದಿಸ್ಕೊಂಡಿದ್ದೆ. ಭಾನುವಾರ ಮಧ್ಯಾಹ್ನ ಏನೂ ಇಟ್ಕೋಬೇಡ, ವಾರದಲ್ಲಿ ತಪ್ಪಿದ್ದಕ್ಕೆ ಅದು ಬೇಕಾಗುತ್ತೆ, ಏನೂ ತಪ್ಪಿಲ್ಲ ಅಂದ್ರೆ ಮಲ್ಕೋ.

ಡ್ಯಾನ್ಸ್ ಬಿಡು ಅಂತ ನಾನು ಹೇಳಲ್ಲ, ಅಪ್ಪ ಹೇಳಿದ್ರೂ ಬಿಡ್ಬೇಡ. ರಾಜ್ಯೋತ್ಸವದ ವಿಡಿಯೋ ಅಂಗಡಿಗೆ ಬಂದವರಿಗೆಲ್ಲಾ ತೋರಿಸಿದೀನಿ, ಮಧ್ಯದಲ್ಲಿರೋಳು ನನ್ನ ಮಗಳು ಅಂತ. ಆದ್ರೆ ಪ್ರಾಕ್ಟೀಸ್ ಅಂತ ಕ್ಲಾಸ್ ಬಿಡ್ಬೇಡ, 85 ಪರ್ಸೆಂಟ್ ಅಟೆಂಡೆನ್ಸ್ ಬೇಕು, ಶಾರ್ಟೇಜ್ ಬಂದ್ರೆ ಚೆನ್ನಾಗಿ ಓದಿದ್ದೂ ದಂಡ.

ಮತ್ತೆ ಅದೇ ಮಾತಿಗೆ ಬರ್ತೀನಿ, ಬೈಕೋಬೇಡ. ಕೆಮಿಸ್ಟ್ರಿ ಎಕ್ಸಾಮ್ ದಿನ ನೀನು ಹೊರಗೆ ಬಂದಾಗ ಮೊದಲು ನೀರು ಕೇಳ್ದೆ, ಆಮೇಲೆ ಬಸ್ಸಲ್ಲಿ ನನ್ನ ಭುಜದ ಮೇಲೆ ನಿದ್ದೆ ಹೋದೆ, ಸ್ಟಾಪ್ ಬಂದ್ರೂ ಎಚ್ಚರ ಆಗ್ಲಿಲ್ಲ. ಮಾರ್ಕ್ಸ್ ಕಮ್ಮಿ ಬಂದ್ರೆ ಮತ್ತೆ ಬರೀಬಹುದು. ಬ್ಯಾಕ್‌ಲಾಗ್ ಆದ್ರೂ ಕ್ಲಿಯರ್ ಮಾಡ್ಬಹುದು, ಫೀಸ್ ನಾನು ಹೊಲಿದು ಕಟ್ತೀನಿ. ಎಕ್ಸಾಮಿಗೆ ಮುಂಚೆ ರಾತ್ರಿ ಆರು ಗಂಟೆನಾದ್ರೂ ನಿದ್ದೆ ಮಾಡು.

ಡಿಪಾರ್ಟ್‌ಮೆಂಟಲ್ಲಿ ಕೊಟ್ಟಿರೋ ಕ್ಯಾಲೆಂಡರ್ ಆಫ್ ಈವೆಂಟ್ಸ್ ಫೋಟೋ ತೆಗೆದು ಕಳ್ಸು. ಎಕ್ಸಾಮ್ ಇರೋ ವಾರ ಹೊಸ ಆರ್ಡರ್ ತಗೊಳಲ್ಲ ಅಂತ ಡೈರೀಲಿ ಬರ್ಕೋತೀನಿ, ಬಾ ಅಂದ್ರೆ ಬೆಳಗಿನ ಟ್ರೇನಿಗೆ ಹತ್ಕೊಂಡು ಬರ್ತೀನಿ. ಚಕ್ಲಿ, ಉಪ್ಪಿನಕಾಯಿ ಶನಿವಾರ ಮಾವನ ಕೈಲಿ ಕಳಿಸ್ತಿದೀನಿ, ರೂಮ್‌ಮೇಟಿಗೂ ಕೊಡು.

ಅಮ್ಮ